ಇಪ್ಪತ್ತೊಂಬತ್ತು ಇಪ್ಪತ್ತೈದಾದ ಕಥೆ

ಈ ಸಲದ ಅಂಕಣಕ್ಕೆ ವಿಷಯ ಮನೆಯೊಳಗಿಂದಲೇ ಬಂದಿತು. ಅದೂ ನಮ್ಮ ತಪ್ಪಿನಿಂದಲೇ ಬಂದಿತೆಂದು ವಾಚಕರ ಮುಂದೆ ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಏಳನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಚಿರಂಜೀವಿಗೆ ಶಾಲೆಯಲ್ಲಿ ಮನೆಗೆಲಸ ಕೊಟ್ಟಿದ್ದರು. ನಾಣ್ಯವೊಂದನ್ನು ೫೦ ಸಲ ಚಿಮ್ಮಿ, ಹೆಡ್ ಎಷ್ಟು, ಟೇಲ್ ಎಷ್ಟು ಎಂದು ಬರೆದುಕೊಂಡು ಬರಬೇಕು. (ಇಲ್ಲಿಯ ಹುಡುಗರ ಬಾಯಲ್ಲಿ ಅದು ‘ಛಾಪಾ–ಕಾಟಾ’.) ನಮ್ಮ ನಾಸಿಕ್ ರೋಡಿನಲ್ಲಿ ೧೯೨೮ರಿಂದ ದೇಶದ ನೋಟುಗಳು ಅಚ್ಚಾಗುತ್ತಿದ್ದರೇನು, ಎಲ್ಲರೂ ಫೋನಿನಲ್ಲೇ ಹಣ ಕೊಡುವ ಈ ಕಾಲದಲ್ಲಿ ಮನೆಯಲ್ಲಿ ಒಂದು ರೂಪಾಯಿಯ ಬಿಲ್ಲೆ ಸಿಕ್ಕುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ದೇವರ ಮನೆಯ ಹುಂಡಿಯಿಂದ ಸಾಲ ತೆಗೆದೆವು.

ಹುಡುಗ ಚಿಮ್ಮಿದ, ಮಂಚದಡಿ ಉರುಳಿದ್ದನ್ನು ತೆವಳಿ ಹೋಗಿ ನೋಡಿದ, ಬರೆದ. ಹೆಡ್ ೨೯, ಟೇಲ್ ೨೧. “ಅಪ್ಪಾ, ನಿಜವಾಗಿ ಎಷ್ಟು ಬರಬೇಕು?” ಎಂದು ಕೇಳಿದ. ಪತ್ರಿಕೆಯಿಂದ ತಲೆ ಎತ್ತದೆ, “ಅರ್ಧಕ್ಕರ್ಧ. ಇಪ್ಪತ್ತೈದು” ಎಂದುಬಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇವೆ, ರಬ್ಬರಿನಿಂದ ಉಜ್ಜಿ ೨೫, ೨೫ ಎಂದು ಅಚ್ಚುಕಟ್ಟಾಗಿ ಬರೆದಿದ್ದಾನೆ! ಕೇಳಿದರೆ, “ನೀವೇ ಹೇಳಿದಿರಲ್ಲಪ್ಪಾ” ಎಂದ.

ರಿಜಿಸ್ಟರುಗಳ ನಡುವೆಯೇ ಹೊಟ್ಟೆ ಹೊರೆಯುವ ನಮಗೆ ಆ ಉಜ್ಜಿದ ಗುರುತು ಕಣ್ಣಿಗೆ ಚುಚ್ಚಿತು. ದಾಸ್ತಾನು ತಪಾಸಣೆಯಲ್ಲಿ, ಪುಸ್ತಕದ ಪ್ರಕಾರ ಎಷ್ಟಿರಬೇಕೆಂಬುದಕ್ಕೆ ಒಂದು ಕಾಲಂ, ಎಣಿಸಿದಾಗ ಎಷ್ಟಿತ್ತೆಂಬುದಕ್ಕೆ ಇನ್ನೊಂದು ಕಾಲಂ. ಮೊದಲನೆಯದನ್ನು ನೋಡಿಕೊಂಡು ಎರಡನೆಯದನ್ನು ತುಂಬುವವನು ಗೋದಾಮಿನ ಬಾಗಿಲು ತೆಗೆಯಬೇಕಾದ ಅಗತ್ಯವೇ ಇಲ್ಲ.

ಸಂಭವನೀಯತೆಯ ಲೆಕ್ಕದಲ್ಲಿಯೂ ಈ ಎರಡು ಕಾಲಮುಗಳಿವೆ. ನಾಣ್ಯಕ್ಕೆ ಎರಡು ಮುಖ, ಎರಡೂ ಸಮ ಎಂದು ಒಪ್ಪಿಕೊಂಡು, ಚಿಮ್ಮುವ ಮೊದಲೇ ಕುಳಿತಲ್ಲಿಂದ “ಎರಡರಲ್ಲಿ ಒಂದು” ಎನ್ನುವುದು ಸೈದ್ಧಾಂತಿಕ ಸಂಭವನೀಯತೆ. ಚಿಮ್ಮಿ, ಎಣಿಸಿ, ಬಿದ್ದ ಹೆಡ್ಡುಗಳನ್ನು ಒಟ್ಟು ಸಲಗಳಿಂದ ಭಾಗಿಸಿದಾಗ ಬರುವುದು ಪ್ರಾಯೋಗಿಕ ಸಂಭವನೀಯತೆ. ನಮ್ಮ ಹುಡುಗನದು ನೂರಕ್ಕೆ ೫೮. ಅದೇನೂ ತಪ್ಪಲ್ಲ. ಸಮನಾದ ನಾಣ್ಯವನ್ನು ೫೦ ಸಲ ಚಿಮ್ಮಿದರೆ ಸರಿಯಾಗಿ ೨೫ ಹೆಡ್ ಬೀಳುವುದು ಇಂಥ ಒಂಬತ್ತು ಆಟಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ ಎಂದು ಸಿದ್ಧಾಂತವೇ ಹೇಳುತ್ತದೆ. ಮೂರು ನಾಲ್ಕು ಆಚೀಚೆಯಾಗುವುದು ವಾಡಿಕೆ. ತರಗತಿಯ ಮಕ್ಕಳೆಲ್ಲರೂ ೨೫ ಎಂದೇ ಬರೆದು ತಂದರೆ ಗುರುಗಳು ಬೆನ್ನು ತಟ್ಟುವುದಕ್ಕಿಂತ ಕಿವಿ ಹಿಂಡುವುದೇ ನ್ಯಾಯ.

“ಹಾಗಾದರೆ ಇನ್ನೂ ಚಿಮ್ಮುತ್ತ ಹೋದರೆ ಟೇಲ್ ಜಾಸ್ತಿ ಬಿದ್ದು ಸರಿಹೋಗುತ್ತದಲ್ಲವೆ?” ಎಂದ ಹುಡುಗ. ದೊಡ್ಡವರೂ ಎಡವುವ ಜಾಗ ಇದು. ಹತ್ತು ಸಲ ಬಾರದ ಲಾಟರಿ ಹನ್ನೊಂದನೆಯ ಸಲ ಬಂದೇ ಬರುತ್ತದೆಂದು ಸಂಬಳದ ಹಣ ಕಳೆಯುವ ಮಹನೀಯರು ನಮ್ಮ ಪರಿಚಯದಲ್ಲಿಯೇ ಇದ್ದಾರೆ.

ಇದಕ್ಕೆ ಉತ್ತರವಾಗಿ ಅವನಿಗೆ ಜಾನ್ ಕೆರಿಚ್ ಎಂಬ ಗಣಿತದ ಅಧ್ಯಾಪಕನ ಕಥೆ ಹೇಳಿದೆವು. ದಕ್ಷಿಣ ಆಫ್ರಿಕದಿಂದ ಡೆನ್ಮಾರ್ಕಿಗೆ, ಮಾವನ ಮನೆಯವರನ್ನು ನೋಡಲೆಂದು ಹೋಗಿದ್ದ. ೧೯೪೦ರ ಏಪ್ರಿಲಿನಲ್ಲಿ ಜರ್ಮನರು ಆ ದೇಶದ ಮೇಲೆ ಬಿದ್ದರು. ಈತ ಸೆರೆಶಿಬಿರದ ಪಾಲಾದ. ಕಾಲ ಕಳೆಯಬೇಕಲ್ಲ! ಜೊತೆಯ ಬಂದಿಯೊಬ್ಬನನ್ನು ಕೂಡಿಕೊಂಡು ನಾಣ್ಯವೊಂದನ್ನು ೧೦,೦೦೦ ಸಲ ಚಿಮ್ಮಿ ಲೆಕ್ಕವಿಟ್ಟ. ಮೊದಲ ನೂರರಲ್ಲಿ ಹೆಡ್ ೪೪. ಸಾವಿರಕ್ಕೆ ೫೦೨. ಐದು ಸಾವಿರಕ್ಕೆ ೨,೫೩೩. ಹತ್ತು ಸಾವಿರಕ್ಕೆ ೫,೦೬೭. ಅರ್ಧಕ್ಕಿಂತ ಸಾವಿರದಲ್ಲಿ ಎರಡೇ ಹೆಚ್ಚಿದ್ದದ್ದು ಹತ್ತು ಸಾವಿರದಲ್ಲಿ ೬೭ ಆಯಿತು, ನೋಡಿ. ನಾಣ್ಯ ಯಾವ ಬಾಕಿಯನ್ನೂ ತೀರಿಸಲಿಲ್ಲ. ಅದಕ್ಕೆ ನೆನಪೇ ಇಲ್ಲ. ಆದರೆ ೬೭ ಎಂಬುದು ಹತ್ತು ಸಾವಿರದ ಕೆರೆಯಲ್ಲಿ ಒಂದು ಬಿಂದಿಗೆ. ಮೊದಲ ನೂರರಲ್ಲಿ ನೂರಕ್ಕೆ ಆರು ಕಡಿಮೆಯಿದ್ದದ್ದು ಕೊನೆಯಲ್ಲಿ ನೂರಕ್ಕೆ ಒಂದರಷ್ಟು ಕೂಡ ವ್ಯತ್ಯಾಸವಿಲ್ಲದಂತಾಯಿತು. ಸಲಗಳು ಹೆಚ್ಚಿದಂತೆ ಎರಡನೆಯ ಕಾಲಮಿನ ಪ್ರಮಾಣ ಮೊದಲನೆಯದರ ಹತ್ತಿರಕ್ಕೆ ಸರಿಯುವುದನ್ನು ಯಾಕೋಬ್ ಬರ್ನೂಲಿ ಎಂಬ ಪಂಡಿತ ಸಾಧಿಸಿ ತೋರಿಸಿದ್ದು ಆತ ತೀರಿಕೊಂಡ ಮೇಲೆ ೧೭೧೩ರಲ್ಲಿ ಅಚ್ಚಾಯಿತು.

ಸೆರೆಯಲ್ಲಿ ಯಾರು ಎಣಿಸಿ ನೋಡುವವರಿದ್ದರು? ಕೆರಿಚ್ ೫,೦೦೦ ಎಂದು ಬರೆದಿದ್ದರೂ ನಡೆಯುತ್ತಿತ್ತು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ರಬ್ಬರು ಹುಡುಕತೊಡಗಿದ.

ಅಷ್ಟರಲ್ಲಿ ಇದನ್ನೆಲ್ಲ ಕೇಳುತ್ತ ಕುಳಿತಿದ್ದ ನಮ್ಮ ತಾಯಿಯವರು, “ನಾಣ್ಯದ್ದೇನು ಮಹಾ, ನನ್ನ ಕವಡೆ ಲೆಕ್ಕ ಹೇಳು ನೋಡೋಣ” ಎಂದರು. ಹಾಸನದಿಂದ ಬರುವಾಗ ಪಾತ್ರೆ ಬಿಟ್ಟರೂ ಚೌಕಾಬಾರದ ಕವಡೆ ಬಿಟ್ಟವರಲ್ಲ. ನಾಲ್ಕು ಕವಡೆ, ಎಷ್ಟು ಅಂಗಾತ ಬೀಳುತ್ತವೆಯೋ ಅಷ್ಟು ಮನೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ನಾವು ಬಿ.ಎ. ಓದಿದ ಠೀವಿಯಿಂದ ಕಾಗದ ತೆಗೆದೆವು: ನಾಲ್ಕು ಕವಡೆ ಬೀಳುವ ಬಗೆಗಳು ೧೬, ಅವುಗಳಲ್ಲಿ ಎರಡು ಬೀಳುವವು ಆರು, ಒಂದು ಬೀಳುವವು ನಾಲ್ಕು, ಮೂರು ಬೀಳುವವೂ ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು.

“ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡೂ ಸಮ ಅಂತ ನಿನಗೆ ಯಾರು ಹೇಳಿದರು?” ಎಂದರು ತಾಯಿ.

ಪೆನ್ನು ಕೆಳಗಿಟ್ಟೆವು. ಕೆರಿಚ್ ಕೂಡ ಮರದ ಬಿಲ್ಲೆಯೊಂದರ ಒಂದು ಮುಖಕ್ಕೆ ಸೀಸ ಹಚ್ಚಿ ಚಿಮ್ಮಿ ನೋಡಿದ್ದ. ಅದು ಅರ್ಧಕ್ಕರ್ಧ ಬೀಳಲಿಲ್ಲ. ಮುಖಗಳು ಸಮವಲ್ಲದ ಮೇಲೆ ನಮ್ಮ ಹದಿನಾರರ ಲೆಕ್ಕಕ್ಕೆ ನೆಲೆಯೇ ಇಲ್ಲ. ಇಲ್ಲಿ ಮೊದಲ ಕಾಲಮೇ ಖಾಲಿ. ಎರಡನೆಯದನ್ನು ತುಂಬಿದ ಮೇಲೆ ಅದರಿಂದಲೇ ಮೊದಲನೆಯದನ್ನು ಊಹಿಸಬೇಕು. ಕವಡೆಗಳಲ್ಲಿ ಒಂದು ಮೂಲೆ ಒಡೆದದ್ದು, ಯಾವಾಗಲೂ ಬೋರಲೇ ಬೀಳುತ್ತದೆಂದು ತಾಯಿಯವರ ದೂರು. ಅದು ನಿಜವೋ, ಸೋತಾಗ ಮಾತ್ರ ನೆನಪಾಗುವುದೋ, ಅದಕ್ಕೂ ಎಣಿಸುವುದೇ ದಾರಿ.

ಈಗ ಪ್ರತಿ ಸಂಜೆ ಅಜ್ಜಿ ಕವಡೆ ಬಿಡುತ್ತಾರೆ, ಮೊಮ್ಮಗ ಹಳೆಯ ಡೈರಿಯಲ್ಲಿ ಬರೆಯುತ್ತಾನೆ. ಸಾವಿರ ಸಲವಾಗಬೇಕೆಂದು ನಿಶ್ಚಯ. ಮೊನ್ನೆ ಒಂದು ಕವಡೆ ಚಾಪೆಯ ಅಂಚಿಗೆ ಒರಗಿ ನಿಂತಿತು. ಅದನ್ನು ಬೋರಲೆಂದು ಹಿಡಿದರೆ ಅಜ್ಜಿಗೆ ಬಾರ. “ಬಾರ ಅಂತ ಬರಿಯೋ” ಎಂದರು. “ಇಲ್ಲ ಅಜ್ಜಿ, ಇನ್ನೊಂದು ಸಲ ಬಿಡಿ” ಎಂದ ಹುಡುಗ. ಇಬ್ಬರೂ ನಮ್ಮ ಮುಖ ನೋಡಿದರು. ನಾವು ಪತ್ರಿಕೆಯಿಂದ ತಲೆ ಎತ್ತಿ, ಎದ್ದು ಹೋಗಿ ಚಾಪೆಯ ಬಳಿ ಕುಳಿತುಕೊಂಡೆವು.