ಪೂರ್ವಪಕ್ಷವನ್ನು ಅಳಿಸದ ಸಂತ

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸನನ್ನು ಕ್ಯಾಥೊಲಿಕ್ ಜಗತ್ತು ಮಹಾ ಧರ್ಮಶಾಸ್ತ್ರಜ್ಞನೆಂದು ಗೌರವಿಸುತ್ತದೆ. ಆತನ ತೀರ್ಮಾನಗಳಿಗಿಂತ ಅವುಗಳನ್ನು ಮುಟ್ಟಿದ ಬಗೆಯೇ ಹೆಚ್ಚು ಬಾಳುವ ಆಸ್ತಿ ಎಂಬುದು ನಮ್ಮ ಅಭಿಪ್ರಾಯ.

ಥಾಮಸ್ ಹುಟ್ಟಿದ್ದು 1225ರ ಸುಮಾರಿಗೆ, ರೋಮ್ ಮತ್ತು ನೇಪಲ್ಸ್ ನಗರಗಳ ನಡುವಣ ರೊಕ್ಕಾಸೆಕ್ಕದ ಸಿರಿವಂತ ಮನೆತನದಲ್ಲಿ. ಮಗನು ಮೊಂಟೆ ಕಸ್ಸಿನೊ ಮಠದ ಅಧಿಪತಿಯಾಗಲೆಂಬುದು ಮನೆಯವರ ಆಸೆ. ಆತನಾದರೋ ಭಿಕ್ಷಾವೃತ್ತಿಯ ಡೊಮಿನಿಕನ್ ಸಂಘವನ್ನು ಸೇರಿದನು. ಹಿಡಿದು ತಂದು ವರ್ಷದಷ್ಟು ಕಾಲ ಬಂಧನದಲ್ಲಿಟ್ಟರೂ ಮನಸ್ಸು ಕದಲಲಿಲ್ಲ. ಮುಂದೆ ಪ್ಯಾರಿಸ್ಸಿನಲ್ಲಿ ಆಚಾರ್ಯನಾದನು. 1210 ಮತ್ತು 1215ರಲ್ಲಿ ಅರಿಸ್ಟಾಟಲನ ಪ್ರಕೃತಿಶಾಸ್ತ್ರದ ಬೋಧನೆಯನ್ನೇ ನಿಷೇಧಿಸಿದ್ದ ನಗರವದು. ಥಾಮಸ್ ಅರಿಸ್ಟಾಟಲನನ್ನಷ್ಟೇ ಅಲ್ಲ, ಇಬ್ನ್ ಸೀನಾ, ಇಬ್ನ್ ರುಶ್ದ್, ಯಹೂದಿ ಪಂಡಿತ ಮೈಮೊನಿಡೀಸ್ ಇವರನ್ನೂ ಆಳವಾಗಿ ಓದಿ ವಾದಕ್ಕೆ ಕರೆದುಕೊಂಡನು.

ಆತನ ಮಹಾಕೃತಿ 'ಸುಮ್ಮಾ ಥಿಯೊಲೊಜಿಯೆ'ಯಲ್ಲಿ ಪ್ರತಿಯೊಂದು ಪ್ರಶ್ನೆಯ ಕೆಳಗೆ ಮೊದಲು ಬರುವುದು ಎದುರಾಳಿಯ ಮಾತು. ತನ್ನ ಸಿದ್ಧಾಂತ ಆಮೇಲೆ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಉತ್ತರ. ದೇವರು ಇರುವನೇ ಎಂಬಲ್ಲಿಯೂ ಲೋಕದ ಕೇಡೇ ಮೊದಲ ಆಕ್ಷೇಪ. ಪೂರ್ವಪಕ್ಷ, ಸಿದ್ಧಾಂತಗಳ ಕ್ರಮ ಬಲ್ಲ ನಮಗೆ ಇದು ಅಪರಿಚಿತವೆನಿಸದು.

ಆದರೆ ಈ ಸಂತನ ಒಂದು ತೀರ್ಪು ನಮ್ಮನ್ನು ಕಲಕುತ್ತದೆ. ಹಠ ಬಿಡದ ಪಾಷಂಡಿಗಳನ್ನು ಚರ್ಚು ಹೊರಹಾಕಿ, ರಾಜಾಧಿಕಾರದ ಮೂಲಕ ಮರಣಕ್ಕೆ ಒಪ್ಪಿಸಬಹುದೆಂದು ಆತ ಬರೆದನು. ಕಾಲಧರ್ಮವೆಂದು ಇದನ್ನು ಮುಚ್ಚಿಡುವುದು ಸಲ್ಲದು. ಆದರೂ ಅದೇ ಪುಟದಲ್ಲಿ, ತೀರ್ಪಿಗೂ ಮೊದಲೇ, ಸುಗ್ಗಿಗೆ ಮುನ್ನ ಕಳೆ ಕೀಳಬಾರದೆಂಬ ಯೇಸುವಿನ ದೃಷ್ಟಾಂತವನ್ನು ಆಕ್ಷೇಪವಾಗಿ ಆತನೇ ಇಟ್ಟಿದ್ದಾನೆ. ಆತನ ಉತ್ತರ ನಮಗೆ ಒಪ್ಪಿಗೆಯಾಗುವುದಿಲ್ಲ. ಆಕ್ಷೇಪವೇ ಗೆದ್ದಿತೆಂದು ನಾವು ಭಾವಿಸುತ್ತೇವೆ. ಹಾಗೆ ಭಾವಿಸಲು ಬೇಕಾದ ಆಯುಧವನ್ನು ಕೊಟ್ಟವನೂ ಆತನೇ. ಎದುರುಮಾತನ್ನು ಅಳಿಸದೆ ಉಳಿಸಿದವನ ತಪ್ಪನ್ನು ಮುಂದಿನವರು ತಿದ್ದಬಲ್ಲರು.

1274ರ ಮಾರ್ಚ್ 7ರಂದು ಆತ ತೀರಿಕೊಂಡನು. ಸರಿಯಾಗಿ ಮೂರು ವರ್ಷಕ್ಕೆ ಪ್ಯಾರಿಸ್ಸಿನ ಬಿಷಪ್ ಖಂಡಿಸಿದ 219 ವಾಕ್ಯಗಳಲ್ಲಿ ಕೆಲವು ಆತನ ವಿಚಾರಗಳಿಗೂ ತಾಗುವಂತಿದ್ದವು. 1323ರಲ್ಲಿ ಆತನನ್ನು ಸಂತನೆಂದು ಸಾರಲಾಯಿತು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆತನ ತತ್ತ್ವವನ್ನು ಕ್ಯಾಥೊಲಿಕ್ ವಿದ್ಯಾಲಯಗಳಿಗೆ ಆದರ್ಶವಾಗಿ ನಿಲ್ಲಿಸಿದರು. ಪ್ರಶ್ನೆಗಳಿಂದ ಕಟ್ಟಿದ ಗ್ರಂಥವು ಬಳಿಕ ಅನೇಕ ಕಡೆ ಸಿದ್ಧ ಉತ್ತರಗಳ ಪಠ್ಯವಾಯಿತು. ಆತನಿಗಾದ ದೊಡ್ಡ ಅನ್ಯಾಯ ಖಂಡನೆಯಲ್ಲ, ಇದೇ ಎಂದು ನಮಗೆ ತೋರುತ್ತದೆ.

ಎದುರಾಳಿಯ ಮಾತನ್ನು ವಿಕಾರಗೊಳಿಸಿ ಗೆಲ್ಲುವುದು ಇಂದು ಸುಲಭ. ಅವನು ಸ್ವತಃ ಹೇಳುವುದಕ್ಕಿಂತ ಚೆನ್ನಾಗಿ ಅವನ ವಾದವನ್ನು ಹೇಳಿ, ಅನಂತರ ಉತ್ತರಿಸುವುದು ಕಷ್ಟ. ಅಕ್ವಿನಾಸನ ಶ್ರದ್ಧೆಯನ್ನು ಹಂಚಿಕೊಳ್ಳದವರೂ ಈ ಕಷ್ಟವನ್ನು ಆತನಿಂದ ಕಲಿಯಬಹುದು.