ಲೋಕೋದ್ಧಾರದ ಹೆಸರಿನಲ್ಲಿ

ಬಲಿಷ್ಠ ರಾಷ್ಟ್ರವೊಂದು ತನ್ನ ಗಡಿಯಾಚೆಗಿನ ಅನ್ಯಾಯವನ್ನು ಕಂಡಾಗ ಸೈನ್ಯವನ್ನು ಕಳುಹಿಸಿ ಅದನ್ನು ಸರಿಪಡಿಸಬೇಕೆ? ಅಥವಾ ಆ ನಾಡಿನ ಜನರೇ ತಮ್ಮ ಮನೆಯನ್ನು ತಾವು ನೇರ್ಪಡಿಸಿಕೊಳ್ಳಲೆಂದು ಬಿಡಬೇಕೆ? ಇದು ದೊಡ್ಡ ದೇಶಗಳ ಮಂತ್ರಾಲಯಗಳಿಗೆ ಸೇರಿದ ಪ್ರಶ್ನೆ, ಮಠದ ಪತ್ರಿಕೆಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ವಿದ್ಯಾವಂತರ ಬಾಯಲ್ಲಿಯೇ ಈಚೆಗೆ ಒಂದು ಮಾತು ಸುಲಭವಾಗಿ ಹೊರಡುತ್ತಿದೆ. ಭಾರತವು ಈಗ ಬಡರಾಷ್ಟ್ರವಲ್ಲ. ಅದಕ್ಕೆ ಅಣ್ವಸ್ತ್ರವಿದೆ, ಸಂಪತ್ತಿದೆ, ಸೈನ್ಯಬಲವಿದೆ. ಆದ್ದರಿಂದ ನೆರೆಹೊರೆಯಲ್ಲಿ ಯಾರು ಆಳಬೇಕೆಂಬುದನ್ನು ನಾವು ನಿರ್ಧರಿಸಬೇಕು. ಮಹಾರಾಷ್ಟ್ರಗಳೆಲ್ಲ ಮಾಡುವುದು ಅದನ್ನೇ ಎಂಬುದು ಆ ಮಾತಿನ ಸಾರ. ಕೇಳುವುದಕ್ಕೆ ಇದು ಪೌರುಷದ ನುಡಿಯಂತಿದೆ. ಮಹಾರಾಷ್ಟ್ರಗಳು ಹಾಗೆ ಮಾಡಿ ಪಡೆದ ಫಲವೇನೆಂಬುದನ್ನು ನೋಡಿದವರು ಇದನ್ನು ಒಪ್ಪಲಾರರು.

ಈ ವಿಷಯದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಗಿಂತ ದೊಡ್ಡ ಪಾಠಶಾಲೆ ಬೇರೊಂದಿಲ್ಲ. ಆ ರಾಷ್ಟ್ರದ ಪ್ರಥಮ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ನರು 1796ರ ತಮ್ಮ ವಿದಾಯ ಸಂದೇಶದಲ್ಲಿ, ಪರದೇಶಗಳೊಡನೆ ವ್ಯಾಪಾರವನ್ನು ಬೆಳೆಸಬೇಕು, ರಾಜಕೀಯ ಬಂಧನವನ್ನು ಮಾತ್ರ ಆದಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂದು ತಮ್ಮ ಪ್ರಜೆಗಳಿಗೆ ಬುದ್ಧಿ ಹೇಳಿದರು. 1821ರ ಜುಲೈ 4ರಂದು ವಿದೇಶಾಂಗ ಸಚಿವ ಜಾನ್ ಕ್ವಿನ್ಸಿ ಆಡಮ್ಸರು, ದುಷ್ಟರನ್ನು ಅರಸಿಕೊಂಡು ಹೊರನಾಡುಗಳಿಗೆ ದಂಡೆತ್ತಿ ಹೋಗುವ ರಾಷ್ಟ್ರವು ಜಗತ್ತನ್ನು ಆಳಿದರೂ ಆಳೀತು, ಆದರೆ ತನ್ನನ್ನು ತಾನು ಆಳಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬರ್ಥದ ಎಚ್ಚರಿಕೆಯನ್ನು ನೀಡಿದರು. ಆ ಕಾಲದ ಅಮೆರಿಕವೇನೂ ಸಾಧುವಾಗಿರಲಿಲ್ಲ. ಮೂಲನಿವಾಸಿಗಳ ನೆಲವನ್ನು ಕಸಿದುಕೊಂಡಿತು. 1846ರಿಂದ 1848ರ ಯುದ್ಧದಲ್ಲಿ ಮೆಕ್ಸಿಕೋ ದೇಶದ ವಿಶಾಲ ಭೂಭಾಗವನ್ನು ನುಂಗಿತು. ಆದರೂ ಆ ಹಿರಿಯರು ತೋರಿಸಿದ ದಾರಿ ಸರಿಯಾಗಿತ್ತು. ದಾರಿ ಬಿಟ್ಟದ್ದು ಅವರ ಉತ್ತರಾಧಿಕಾರಿಗಳು.

ಬಿಟ್ಟ ಬಗೆಯನ್ನು ಗಮನಿಸಬೇಕು. 1823ರಲ್ಲಿ ಅಧ್ಯಕ್ಷ ಮನ್ರೋ, ಯೂರೋಪಿನ ಅರಸರು ಅಮೆರಿಕ ಖಂಡಗಳಲ್ಲಿ ಕೈಹಾಕಬಾರದೆಂದು ಸಾರಿದರು. ಅದು ಪರರ ಹಸ್ತಕ್ಷೇಪವನ್ನು ತಡೆಯುವ ಘೋಷಣೆಯಾಗಿತ್ತು. 1904ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಅದೇ ಘೋಷಣೆಗೆ ಬಾಲವೊಂದನ್ನು ಸೇರಿಸಿ, ನೆರೆಯ ಸಣ್ಣ ದೇಶಗಳು ಸರಿಯಾಗಿ ನಡೆದುಕೊಳ್ಳದಿದ್ದರೆ ಅವುಗಳನ್ನು ತಿದ್ದುವ ಪೊಲೀಸ್ ಅಧಿಕಾರ ತಮಗಿದೆಯೆಂದರು. ಫಲವಾಗಿ ಹೈಟಿ ದೇಶದಲ್ಲಿ 1915ರಿಂದ 1934ರವರೆಗೆ, ಹತ್ತೊಂಬತ್ತು ವರ್ಷ, ಅಮೆರಿಕದ ಸೈನಿಕರು ಬೀಡುಬಿಟ್ಟರು. ಕಾವಲುಗಾರನೆಂದು ಬಂದವನು ಮನೆಯ ಯಜಮಾನನಾದದ್ದು ಹೀಗೆ.

ಇರಾನಿನ ಕಥೆ ಇನ್ನೂ ಬೋಧಪ್ರದವಾದುದು. 1951ರಲ್ಲಿ ಅಲ್ಲಿನ ಪ್ರಧಾನಿ ಮೊಹಮ್ಮದ್ ಮೊಸಾದೆಕ್ ಬ್ರಿಟಿಷ್ ಒಡೆತನದ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದರು. ತನ್ನ ನೆಲದ ಎಣ್ಣೆ ತನ್ನ ಜನರಿಗೆ ಸೇರಬೇಕೆಂದದ್ದೇ ಅವರ ಅಪರಾಧ. 1953ರ ಆಗಸ್ಟ್ ತಿಂಗಳಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಗುಪ್ತಚರರು ಸೇರಿ ಹಣ ಚೆಲ್ಲಿ, ದೊಂಬಿ ಎಬ್ಬಿಸಿ, ಅವರ ಸರ್ಕಾರವನ್ನು ಉರುಳಿಸಿದರು. ಆ ಕೃತ್ಯದಲ್ಲಿ ತನ್ನ ಪಾತ್ರವನ್ನು ಒಪ್ಪುವ ದಾಖಲೆಗಳನ್ನು ಅಮೆರಿಕದ ಗುಪ್ತಚರ ಸಂಸ್ಥೆಯೇ 2013ರಲ್ಲಿ ಹೊರಗೆಡವಿತು. ಮೊಸಾದೆಕ್ ಮೂರು ವರ್ಷ ಸೆರೆಮನೆಯಲ್ಲಿ ಕೊಳೆತು, ಉಳಿದ ಬದುಕನ್ನು ಗೃಹಬಂಧನದಲ್ಲಿ ಕಳೆದು, 1967ರಲ್ಲಿ ತೀರಿಕೊಂಡರು. ಶಾ ದೊರೆಯ ದಬ್ಬಾಳಿಕೆ ಇಪ್ಪತ್ತೈದು ವರ್ಷ ನಡೆಯಿತು. 1979ರಲ್ಲಿ ಜನರ ಕ್ರೋಧ ಸಿಡಿದಾಗ ಅದು ಶಾನನ್ನು ಮಾತ್ರ ಸುಡಲಿಲ್ಲ. ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯ 52 ಜನ 444 ದಿನ ಒತ್ತೆಯಾಳುಗಳಾಗಿ ಉಳಿದರು. ಅಂದು ಬಿತ್ತಿದ ದ್ವೇಷದ ಬೆಳೆಯನ್ನು ಎರಡು ರಾಷ್ಟ್ರಗಳೂ ಇಂದಿಗೂ ಕೊಯ್ಯುತ್ತಿವೆ.

ಇದು ಒಂದು ರಾಷ್ಟ್ರದ ಅಥವಾ ಒಂದು ಪಂಥದ ದೋಷವೆಂದು ಭಾವಿಸಬಾರದು. ಸಮತೆಯ ಹೆಸರು ಹೇಳಿದ ಸೋವಿಯತ್ ಒಕ್ಕೂಟವು 1956ರಲ್ಲಿ ಹಂಗೇರಿಗೂ, 1968ರಲ್ಲಿ ಚೆಕೊಸ್ಲೊವಾಕಿಯಕ್ಕೂ ಟ್ಯಾಂಕುಗಳನ್ನು ನುಗ್ಗಿಸಿತು. 1979ರ ಡಿಸೆಂಬರಿನಲ್ಲಿ ಆಫ್ಘಾನಿಸ್ತಾನವನ್ನು ಹೊಕ್ಕು, 1989ರ ಫೆಬ್ರವರಿಯಲ್ಲಿ ಬರಿಗೈಯಲ್ಲಿ ಹಿಂದಿರುಗಿತು. ಅದನ್ನು ಕಣ್ಣಾರೆ ಕಂಡ ಅಮೆರಿಕ, 2001ರಲ್ಲಿ ತನ್ನ ಮೇಲೆ ನಡೆದ ದಾಳಿಗೆ ಪ್ರತೀಕಾರವೆಂದು ಅದೇ ನೆಲವನ್ನು ಪ್ರವೇಶಿಸಿತು. ದಾಳಿಕೋರರನ್ನು ಶಿಕ್ಷಿಸುವ ಹಕ್ಕು ಅದಕ್ಕಿತ್ತು. ಆದರೆ ಶಿಕ್ಷೆಗೆಂದು ಹೋದವರು ಆ ನಾಡನ್ನೇ ಹೊಸದಾಗಿ ಕಟ್ಟುತ್ತೇವೆಂದು ಇಪ್ಪತ್ತು ವರ್ಷ ಕುಳಿತರು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಮರಳಿ ಪಡೆಯಿತು. 2003ರಲ್ಲಿ ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಯುದ್ಧ ಹೂಡಿದರು. ಅಸ್ತ್ರಗಳು ಸಿಗಲಿಲ್ಲ, ಲಕ್ಷಾಂತರ ಹೆಣಗಳು ಬಿದ್ದವು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ಅದೂ ರಕ್ಷಣೆಯ, ವಿಮೋಚನೆಯ ಮಾತನ್ನೇ ಆಡಿತು.

ಇಷ್ಟೊಂದು ಬಲ, ಇಷ್ಟೊಂದು ಧನ, ಇಷ್ಟೊಂದು ಪಾಂಡಿತ್ಯವಿದ್ದೂ ಫಲವೇಕೆ ವಿಷವಾಯಿತು? ಹೊರಗಿನಿಂದ ಬಂದು ತಿದ್ದುವವನು ತನ್ನ ತಪ್ಪಿನ ಫಲವನ್ನು ತಾನು ಉಣ್ಣುವುದಿಲ್ಲ. ಅದನ್ನು ಉಣ್ಣುವವರು ಆ ನಾಡಿನ ಬಡವರು. ಪರರ ಬಂದೂಕಿನ ಆಸರೆಯಲ್ಲಿ ಗದ್ದುಗೆಯೇರಿದ ಅರಸನಿಗೆ ತನ್ನ ಪ್ರಜೆಗಳ ಒಲವು ಬೇಕಾಗುವುದಿಲ್ಲ. ಬಂದೂಕು ಹಿಂದೆ ಸರಿದ ದಿನವೇ ಅವನು ಬೀಳುತ್ತಾನೆ. ಇವೆರಡಕ್ಕಿಂತ ದೊಡ್ಡ ಕೇಡು ಹಸ್ತಕ್ಷೇಪ ಮಾಡುವವನ ಮನೆಯಲ್ಲಿಯೇ ಹುಟ್ಟುತ್ತದೆ. ಸದಾ ಯುದ್ಧಸನ್ನದ್ಧವಾದ ರಾಷ್ಟ್ರದಲ್ಲಿ ಗುಟ್ಟು ಹೆಚ್ಚುತ್ತದೆ, ಪ್ರಶ್ನೆ ಕೇಳುವವನು ದ್ರೋಹಿಯೆನಿಸುತ್ತಾನೆ, ಶಸ್ತ್ರವ್ಯಾಪಾರಿಯ ಮಾತಿಗೆ ಬೆಲೆ ಬರುತ್ತದೆ. ಸೈನ್ಯ ಮತ್ತು ಶಸ್ತ್ರೋದ್ಯಮಗಳ ಕೂಟದ ಬಗ್ಗೆ 1961ರ ಜನವರಿಯಲ್ಲಿ ತಮ್ಮ ಜನರನ್ನು ಎಚ್ಚರಿಸಿದವರು ಯಾರೋ ಶಾಂತಿವಾದಿಯಲ್ಲ. ಎರಡನೆಯ ಮಹಾಯುದ್ಧದ ಸೇನಾನಿಯೂ ಅಧ್ಯಕ್ಷರೂ ಆಗಿದ್ದ ಐಸೆನ್‌ಹೋವರ್. ಇರಾನಿನ ಆ ಕೃತ್ಯ ನಡೆದದ್ದೂ ಅವರ ಆಡಳಿತದಲ್ಲಿಯೇ ಎಂಬುದನ್ನು ನೆನೆದರೆ, ಈ ವ್ಯಸನ ಎಂಥ ವಿವೇಕಿಯನ್ನೂ ಹಿಡಿಯಬಲ್ಲುದೆಂದು ತಿಳಿಯುತ್ತದೆ.

ಪ್ರತಿವಾದಿಗಳು ಸುಮ್ಮನಿರಲಾರರು. ನೆರೆಮನೆಯಲ್ಲಿ ಕೊಲೆಯಾಗುತ್ತಿದ್ದರೂ ಬಾಗಿಲು ಹಾಕಿಕೊಂಡು ಕೂಡಬೇಕೆ ಎಂದು ಕೇಳುತ್ತಾರೆ. 1994ರಲ್ಲಿ ರುವಾಂಡದಲ್ಲಿ ನೂರು ದಿನಗಳೊಳಗೆ ಸುಮಾರು 8 ಲಕ್ಷ ಜನರ ಹತ್ಯೆಯಾದದ್ದನ್ನು ತೋರಿಸುತ್ತಾರೆ. ಅದು ತೂಕವುಳ್ಳ ಪ್ರಶ್ನೆ. ಆದರೆ ರುವಾಂಡದಲ್ಲಿ ವಿಶ್ವಸಂಸ್ಥೆಯ ಪಡೆ ಆಗಲೇ ಇತ್ತು. ಹತ್ಯೆ ಆರಂಭವಾದ ಮೇಲೆ ಭದ್ರತಾ ಮಂಡಳಿಯು ಅದನ್ನು ಬಲಪಡಿಸುವುದಕ್ಕೆ ಬದಲಾಗಿ ಕೆಲವೇ ನೂರು ಜನಕ್ಕೆ ಇಳಿಸಿತು. ಅಲ್ಲಿ ಸೋತದ್ದು ಎಲ್ಲ ರಾಷ್ಟ್ರಗಳ ಸಾಮೂಹಿಕ ಹೊಣೆ. ಒಂದು ಬಲಿಷ್ಠ ರಾಷ್ಟ್ರಕ್ಕೆ ತನಗೆ ತೋಚಿದಲ್ಲಿ ನುಗ್ಗುವ ಪರವಾನಗಿಯನ್ನು ಅದರಿಂದ ಪಡೆಯುವುದು ತರ್ಕವಲ್ಲ.

1971ರ ಬಾಂಗ್ಲಾ ವಿಮೋಚನೆಯನ್ನೂ ಹೆಸರಿಸುವರು. ಅಂದು ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನೆಲಕ್ಕೆ ಬಂದಿದ್ದರು. ಅಲ್ಲಿನ ಜನ ಚುನಾವಣೆಯಲ್ಲಿ ತಮ್ಮ ನಾಯಕರನ್ನು ಆರಿಸಿದ್ದರು, ಹೋರಾಟವನ್ನು ತಾವೇ ಹೂಡಿದ್ದರು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನನೆಲೆಗಳ ಮೇಲೆ ಬಾಂಬು ಸುರಿಸಿದವು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿಯಾಯಿತು. 1972ರ ಮಾರ್ಚ್ ವೇಳೆಗೆ ನಮ್ಮ ಸೈನ್ಯ ಹಿಂದಿರುಗಿತು. ಆ ನಾಡನ್ನು ಯಾರು ಆಳಬೇಕೆಂದು ನಾವು ಹೇಳಲಿಲ್ಲ. ಆ ಕಾರ್ಯದ ಗೌರವ ಉಳಿದದ್ದು ಹಿಂದಿರುಗಿದ್ದರಿಂದ.

ಇದೇ ಭಾರತ 1987ರ ಜುಲೈ 29ರ ಒಪ್ಪಂದದ ಮೇರೆಗೆ ಶ್ರೀಲಂಕೆಗೆ ಶಾಂತಿಪಾಲನಾ ಪಡೆಯನ್ನು ಕಳುಹಿಸಿತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ರಕ್ಷಿಸಲು ಹೋದ ತಮಿಳರ ನಡುವೆಯೇ ನಮ್ಮ ಯೋಧರು ಕಾದಬೇಕಾಯಿತು. ಸಿಂಹಳೀಯರಿಗೆ ಆಕ್ರಮಣಕಾರರಾಗಿ, ತಮಿಳರಿಗೆ ವಿಶ್ವಾಸಘಾತುಕರಾಗಿ ಕಂಡರು. 1990ರ ಮಾರ್ಚಿನಲ್ಲಿ ಪಡೆ ಹಿಂದಿರುಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜವಾನರು ಪ್ರಾಣ ತೆತ್ತಿದ್ದರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಮಹಾರಾಷ್ಟ್ರದಂತೆ ವರ್ತಿಸಬೇಕೆಂದು ಉಪದೇಶಿಸುವ ನಮ್ಮವರು ಈ ಅಧ್ಯಾಯವನ್ನೇಕೆ ಓದುವುದಿಲ್ಲ?

ಹಸ್ತಕ್ಷೇಪ ಬೇಡವೆಂದರೆ ಅನುಕಂಪವೂ ಬೇಡವೆಂದಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣರು ನಮಗೆ ತಿಳಿಸಿದ್ದಾರೆ. ಕೊಡುವವನು ತಾನು ದೊಡ್ಡವನೆಂದು ಬಗೆದರೆ ಅದು ದಾಸೋಹವಲ್ಲ. ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಅನ್ನವಿಕ್ಕಿದವರು ಅದಕ್ಕೆ ಪ್ರತಿಯಾಗಿ ನಮ್ಮ ಮನೆಯ ಯಜಮಾನಿಕೆಯನ್ನು ಕೇಳಲಿಲ್ಲ.

ರಾಷ್ಟ್ರಗಳ ನಡುವೆಯೂ ಈ ಎರಡು ರೀತಿಗಳುಂಟು. 1948ರಿಂದ ನಡೆದ ಮಾರ್ಷಲ್ ಯೋಜನೆಯಲ್ಲಿ ಅಮೆರಿಕವು ಯುದ್ಧದಿಂದ ಬೆಂದ ಯೂರೋಪಿಗೆ ಸುಮಾರು 1,300 ಕೋಟಿ ಡಾಲರುಗಳನ್ನು ಕೊಟ್ಟಿತು. ಸ್ವಾರ್ಥ ಅದರಲ್ಲಿಯೂ ಇತ್ತು. ಆದರೆ ಏನು ಬೇಕೆಂಬುದನ್ನು ಮೊದಲು ಆ ದೇಶಗಳೇ ಕೂಡಿ ಬರೆದವು. ಅದೇ ಅಮೆರಿಕ 1965–66ರ ಬರಗಾಲದಲ್ಲಿ ನಮಗೆ ಪಿ.ಎಲ್. 480ರ ಗೋಧಿಯನ್ನು ತಿಂಗಳಿಗೊಮ್ಮೆ ಅಳೆದು ಬಿಡುತ್ತ, ನಮ್ಮ ಕೃಷಿನೀತಿ ಹೇಗಿರಬೇಕು, ವಿಯೆಟ್ನಾಮಿನ ಬಗ್ಗೆ ನಾವು ಏನನ್ನಬೇಕು ಎಂಬುದನ್ನೂ ಅಳೆಯಿತು. ಆ ಗೋಧಿ ಹಸಿವನ್ನು ತಣಿಸಿತು, ನಿಜ. ಆದರೆ ಅದನ್ನು ಉಂಡ ತಲೆಮಾರು ಅವಮಾನವನ್ನು ಮರೆಯಲಿಲ್ಲ. ಅದೇ ಅವಮಾನವನ್ನು ನಾಳೆ ನಾವು ನಮ್ಮ ನೆರೆಯ ಸಣ್ಣ ದೇಶಗಳಿಗೆ ಉಣಿಸಬೇಕೆ?

1954ರ ಏಪ್ರಿಲ್ 29ರಂದು ಪಂಚಶೀಲಕ್ಕೆ ಸಹಿ ಹಾಕಿ, ಅನ್ಯರ ಆಂತರಿಕ ವಿಷಯಗಳಲ್ಲಿ ತಲೆಹಾಕೆವೆಂದು ನಾವು ಮಾತು ಕೊಟ್ಟೆವು. ಆ ಮಾತನ್ನು ನಾವು ಸದಾ ಸಮತೂಕದಿಂದ ನಡೆಸಿಲ್ಲ. 1956ರಲ್ಲಿ ಸೂಯೆಜ್ ಆಕ್ರಮಣವನ್ನು ಕೂಡಲೇ ಖಂಡಿಸಿದವರು ಹಂಗೇರಿಯ ವಿಷಯದಲ್ಲಿ ತಡವರಿಸಿದೆವು. ಬಡವರಾಗಿದ್ದಾಗ ಆ ತತ್ತ್ವವನ್ನು ಹೇಳುವುದು ಸುಲಭವಾಗಿತ್ತು, ಏಕೆಂದರೆ ಅದು ನಮ್ಮ ರಕ್ಷಾಕವಚವಾಗಿತ್ತು. ಬಲ ಬಂದ ಮೇಲೆ ಅದನ್ನು ಪಾಲಿಸುವುದೇ ನಿಜವಾದ ಪರೀಕ್ಷೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿನಂತಿ. ಪರನಾಡನ್ನು ಉದ್ಧರಿಸಲು ಸೈನ್ಯ ಹೊರಡಬೇಕೆಂಬ ಕೂಗು ಎದ್ದಾಗ, ಕರೆದವರು ಆ ನಾಡಿನ ಜನರೋ ನಮ್ಮ ಅಹಂಕಾರವೋ ಎಂದು ಕೇಳಿರಿ. ಹಿಂದಿರುಗುವ ದಿನ ಯಾವುದೆಂದು ಕೇಳಿರಿ. ಸಾಯುವವರು ಯಾರ ಮಕ್ಕಳೆಂದು ಕೇಳಿರಿ. ಇವಕ್ಕೆ ನೇರವಾದ ಉತ್ತರ ಬರುವವರೆಗೆ ಸಮ್ಮತಿ ಕೊಡಬೇಡಿರಿ.