ಕುಡಿಕೆ ಹೊನ್ನಿನ ಲೆಕ್ಕ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲರೂ ಬೆಳೆದವರು. ಹಾಗಾದರೆ ಎಷ್ಟು ಕುಡಿಕೆ ಇದ್ದರೆ ಸಾಕು ಎಂದು ಹಿರಿಯರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೆಳೆಗಾರನಿಗೆ ನಿವೃತ್ತಿ ಎಂಬುದೇ ಇಲ್ಲದ ಮೇಲೆ ಕೇಳಿ ಆಗಬೇಕಾದುದಾದರೂ ಏನು? ಸರ್ಕಾರಿ ನೌಕರನಿಗೆ ಅರವತ್ತಾದ ಕೂಡಲೇ ಹಾರ ಹಾಕಿ ಮನೆಗೆ ಕಳುಹಿಸುತ್ತಾರೆ. ನಮಗೆ ಮೊಣಕಾಲು ಸೋತು ತೋಟದ ದರೆ ಇಳಿಯಲಾಗದ ದಿನವೇ ನಿವೃತ್ತಿ.

ಈಗ ಆ ಪ್ರಶ್ನೆ ನಮ್ಮ ಮಕ್ಕಳ ಬಾಯಿಂದ ಬರುತ್ತಿದೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸಕ್ಕಿರುವ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ, "ಅಪ್ಪಯ್ಯ, ನಲವತ್ತೈದಕ್ಕೆ ಕೆಲಸ ಬಿಟ್ಟು ಇಲ್ಲಿಗೇ ಬಂದುಬಿಡ್ತೀನಿ" ಎನ್ನುತ್ತಾರೆ. ಇದನ್ನು ಕೇಳಿ ಕೆಲವು ಸದಸ್ಯರು ಹಿಗ್ಗಿದ್ದಾರೆ, ಕೆಲವರು ಗಾಬರಿಯಾಗಿದ್ದಾರೆ. ಈ ವಿಚಾರದ ಮೂಲ ಎಲ್ಲಿ, ಅದರಲ್ಲಿ ನಮ್ಮಂಥ ಸಣ್ಣ ಬೆಳೆಗಾರರಿಗೆ ಬೇಕಾದುದು ಏನಿದೆ, ಬೇಡವಾದುದು ಏನಿದೆ ಎಂಬುದನ್ನು ಸದಸ್ಯರ ಮುಂದಿಡುವುದು ಈ ಬರಹದ ಉದ್ದೇಶ.

ಮೂಲ ಅಮೆರಿಕದಲ್ಲಿದೆ. ಜೋ ಡೊಮಿಂಗೆಜ್ ಎಂಬಾತ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಕೆಲಸಕ್ಕಿದ್ದವನು. ಮೂವತ್ತರ ಆಸುಪಾಸಿನಲ್ಲಿ, 1969ರಲ್ಲಿ, ಕೆಲಸ ಬಿಟ್ಟು, ಕೂಡಿಟ್ಟ ಹಣವನ್ನು ಅಲ್ಲಿನ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿ, ಬಂದ ಬಡ್ಡಿಯಲ್ಲಿಯೇ ಸರಳವಾಗಿ ಬದುಕಿದ. ಆತ ವಿಕಿ ರಾಬಿನ್ ಎಂಬ ಮಹಿಳೆಯೊಡನೆ ಸೇರಿ 1992ರಲ್ಲಿ ಹೊರತಂದ ‘ಯುವರ್ ಮನಿ ಆರ್ ಯುವರ್ ಲೈಫ್’ ಎಂಬ ಪುಸ್ತಕವು ಈ ಪಂಥದವರಿಗೆ ಮೂಲಪಾಠವಿದ್ದಂತೆ. ಪುಸ್ತಕದ ತಿರುಳು ಇಷ್ಟು: ನಾವು ಖರ್ಚು ಮಾಡುವ ಪ್ರತಿ ರೂಪಾಯಿಯ ಹಿಂದೆ ನಮ್ಮ ಆಯುಸ್ಸಿನ ಇಷ್ಟು ಗಂಟೆ ಹೋಗಿರುತ್ತದೆ. ಆದುದರಿಂದ ಬಂದದ್ದು, ಹೋದದ್ದು ಎರಡನ್ನೂ ತಿಂಗಳು ತಿಂಗಳು ಬರೆದಿಡಬೇಕು. ಕೂಡಿಟ್ಟ ಹಣದ ಆದಾಯ ಮನೆಖರ್ಚನ್ನು ಮುಟ್ಟಿದ ದಿನ ಮನುಷ್ಯ ಸ್ವತಂತ್ರ. ಇದನ್ನೇ ಈಚಿನವರು ಇಂಗ್ಲಿಷಿನ ನಾಲ್ಕು ಅಕ್ಷರ ಜೋಡಿಸಿ ‘ಫೈರ್’ ಎಂದು ಕರೆಯುತ್ತಾರೆ. ಹಣದ ಸ್ವಾತಂತ್ರ್ಯ, ಬೇಗ ನಿವೃತ್ತಿ ಎಂದು ಅದರ ಅರ್ಥ.

ಎಷ್ಟು ಕುಡಿಕೆ ಎಂಬುದಕ್ಕೆ ಲೆಕ್ಕ ಹಾಕಿಕೊಟ್ಟವನು ವಿಲಿಯಂ ಬೆಂಗೆನ್ ಎಂಬ ಕ್ಯಾಲಿಫೋರ್ನಿಯದ ಹಣಕಾಸು ಸಲಹೆಗಾರ. ಆತ 1926ರಿಂದೀಚಿನ ಅಮೆರಿಕದ ಷೇರು ಮತ್ತು ಸಾಲಪತ್ರಗಳ ಏರಿಳಿತವನ್ನು ಪರಿಶೀಲಿಸಿ 1994ರಲ್ಲಿ ಒಂದು ಲೇಖನ ಪ್ರಕಟಿಸಿದ. ಮೊದಲ ವರ್ಷ ಗಂಟಿನ ಶೇಕಡಾ 4ರಷ್ಟು ತೆಗೆದು, ಮುಂದೆ ಬೆಲೆ ಏರಿದಷ್ಟೇ ಏರಿಸುತ್ತ ಹೋದರೆ, ಎಂಥ ಕೆಟ್ಟ ಕಾಲದಲ್ಲಿ ನಿವೃತ್ತನಾದವನಿಗೂ 30 ವರ್ಷ ಗಂಟು ಕರಗಿಹೋಗುತ್ತಿರಲಿಲ್ಲ ಎಂಬುದು ಆತ ಕಂಡುಕೊಂಡ ಸಂಗತಿ. ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು 1998ರಲ್ಲಿ ನಡೆಸಿದ ಅಧ್ಯಯನವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯಿತು. ನೂರಕ್ಕೆ ನಾಲ್ಕು ಎಂದರೆ ವರ್ಷದ ಖರ್ಚಿನ 25 ಪಟ್ಟು ಗಂಟು ಬೇಕು ಎಂದಾಯಿತು.

ಇದನ್ನು ನಮ್ಮ ಮನೆಗೆ ತಂದು ನೋಡೋಣ. ತಿಂಗಳಿಗೆ 40,000 ರೂಪಾಯಿ ಖರ್ಚಿರುವ ಮನೆಗೆ ವರ್ಷಕ್ಕೆ 4,80,000 ಬೇಕು. ಅದರ 25 ಪಟ್ಟು ಎಂದರೆ 1 ಕೋಟಿ 20 ಲಕ್ಷ. ಮೊತ್ತ ಕೇಳಿ ಎದೆ ಧಸಕ್ಕೆನ್ನುವುದು ಸಹಜ. ಆದರೆ ಇದೇ ಲೆಕ್ಕವನ್ನು ತಿರುವಿ ನೋಡಿದರೆ ಮತ್ತೊಂದು ಮಾತು ತಿಳಿಯುತ್ತದೆ. ತಿಂಗಳ ಖರ್ಚಿನಲ್ಲಿ 1,000 ರೂಪಾಯಿ ಕಡಿಮೆಯಾದರೆ ಕೂಡಿಡಬೇಕಾದ ಗಂಟಿನಲ್ಲಿ 3 ಲಕ್ಷ ಕಡಿಮೆಯಾಗುತ್ತದೆ. ನಮ್ಮಲ್ಲಿ ಬಹುಪಾಲು ಸದಸ್ಯರು ಎಕರೆಗೆ ಎಷ್ಟು ಮೂಟೆ, ಕ್ವಿಂಟಾಲಿಗೆ ಎಷ್ಟು ಧಾರಣೆ ಎಂಬುದನ್ನು ಬಾಯಿಪಾಠ ಹೇಳಬಲ್ಲರು. ಮನೆಗೆ ವರ್ಷಕ್ಕೆ ಎಷ್ಟು ಬೇಕು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಧಾರಣೆ ನಮ್ಮ ಕೈಯಲ್ಲಿಲ್ಲ. ಖರ್ಚು ಅಷ್ಟಿಷ್ಟಾದರೂ ನಮ್ಮ ಕೈಯಲ್ಲಿದೆ. ನಿವೃತ್ತಿಯ ಲೆಕ್ಕವನ್ನು ಆದಾಯದ ಕಡೆಯಿಂದ ಹಿಡಿಯದೆ ಖರ್ಚಿನ ಕಡೆಯಿಂದ ಹಿಡಿಯಬೇಕು ಎಂಬುದು ಮೊದಲನೆಯ ಪಾಠ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಬೆಂಗೆನ್‌ನ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕಿದವನು 1929ರ ಮಹಾಕುಸಿತದ ಹೊತ್ತಿಗೆ ನಿವೃತ್ತನಾದವನಲ್ಲ, 1960ರ ದಶಕದ ಕೊನೆಯಲ್ಲಿ ನಿವೃತ್ತನಾದವನು. ಅವನ ಮೊದಲ ವರ್ಷಗಳಲ್ಲಿಯೇ ಷೇರು ಬಿತ್ತು, ಬೆಲೆ ಏರಿತು. ಸರಾಸರಿ ಚೆನ್ನಾಗಿದ್ದರೂ ಕೆಟ್ಟ ವರ್ಷ ಮೊದಲು ಬಂದರೆ ಮನೆ ಮುಳುಗುತ್ತದೆ. ಒಂದು ಚಿಕ್ಕ ಉದಾಹರಣೆ ತೆಗೆದುಕೊಳ್ಳೋಣ. ಇಬ್ಬರ ಬಳಿ ತಲಾ 10 ಲಕ್ಷವಿದೆ, ಇಬ್ಬರೂ ವರ್ಷದ ಕೊನೆಗೆ 1 ಲಕ್ಷ ತೆಗೆಯುತ್ತಾರೆ. ಒಬ್ಬನ ಗಂಟು ಮೊದಲ ವರ್ಷ ಅರ್ಧಕ್ಕೆ ಇಳಿದು ಎರಡನೆಯ ವರ್ಷ ಇಮ್ಮಡಿಯಾಗುತ್ತದೆ. ಇನ್ನೊಬ್ಬನದು ಮೊದಲು ಇಮ್ಮಡಿಯಾಗಿ ಆಮೇಲೆ ಅರ್ಧಕ್ಕೆ ಇಳಿಯುತ್ತದೆ. ಏನೂ ತೆಗೆಯದಿದ್ದರೆ ಇಬ್ಬರಿಗೂ 10 ಲಕ್ಷವೇ ಉಳಿಯುತ್ತಿತ್ತು. ತೆಗೆದುದರಿಂದ ಮೊದಲನೆಯವನಿಗೆ 7 ಲಕ್ಷ, ಎರಡನೆಯವನಿಗೆ 8 ಲಕ್ಷದ 50 ಸಾವಿರ ಉಳಿಯಿತು. ಏರಿಳಿತ ಒಂದೇ, ಸರದಿ ಮಾತ್ರ ಬೇರೆ.

ಈ ಸರದಿಯ ಪೆಟ್ಟನ್ನು ಕಾಫಿ ಬೆಳೆಗಾರನಿಗೆ ಅಮೆರಿಕದವರು ಹೇಳಿಕೊಡಬೇಕಾಗಿಲ್ಲ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಧಾರಣೆ ಏರಿತು. ಆಗ ಬಂದ ಹಣದಲ್ಲಿ, ಅದರ ಮೇಲೆ ಸಾಲವನ್ನೂ ತೆಗೆದು, ತೋಟ ಕೊಂಡವರು, ಮನೆ ಕಟ್ಟಿದವರು ಎಷ್ಟೋ ಮಂದಿ. ವಿಯೆಟ್ನಾಮಿನ ಕಾಫಿ ಮಾರುಕಟ್ಟೆಗೆ ನುಗ್ಗಿತು. 2001ರ ಕೊನೆಗೆ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಸಾಲದ ಕಂತು ಮಾತ್ರ ಇಳಿಯಲಿಲ್ಲ. ಆ ವರ್ಷಗಳಲ್ಲಿ ಸಂಘದ ಬಾಗಿಲಿಗೆ ಬಂದವರ ಮುಖಗಳನ್ನು ನಾವು ಇನ್ನೂ ಮರೆತಿಲ್ಲ. ಅವರು ಸೋಮಾರಿಗಳೂ ಅಲ್ಲ, ದುಂದುಗಾರರೂ ಅಲ್ಲ. ಒಳ್ಳೆಯ ವರ್ಷದ ಹಣವನ್ನು ಆ ವರ್ಷದ ಆದಾಯವೆಂದು ತಿಳಿದದ್ದೇ ಅವರ ತಪ್ಪು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2024ರ ಡಿಸೆಂಬರಿನಲ್ಲಿ ಅರೇಬಿಕಾ ಧಾರಣೆ 1977ರ ದಾಖಲೆಯನ್ನು ಮೀರಿತು, 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ರೋಬಸ್ಟಾ ಬೆಳೆದವರೂ ಹಿಂದೆಂದೂ ಕಾಣದ ಹಣ ಕಂಡರು. ಅಂಥ ಹಂಗಾಮಿನ ಹಣ ಕೈಗೆ ಬಂದಾಗ ಅದರಲ್ಲಿ ಮುಂದಿನ ಕೆಟ್ಟ ವರ್ಷದ ಪಾಲೂ ಇದೆ, ನಮ್ಮ ಮುಪ್ಪಿನ ಪಾಲೂ ಇದೆ. ಅದನ್ನು ಬೇರ್ಪಡಿಸದೆ ಖರ್ಚು ಮಾಡಿದರೆ ಇನ್ನೊಬ್ಬರ ಹಣವನ್ನು ಖರ್ಚು ಮಾಡಿದಂತೆಯೇ. ಆ ಇನ್ನೊಬ್ಬರು ಎಂದರೆ ಎಪ್ಪತ್ತು ವಯಸ್ಸಿನ ನಾವೇ.

ಮೂರನೆಯದು ಡೊಮಿಂಗೆಜ್ ಹೇಳಿದ ಗಂಟೆಯ ಲೆಕ್ಕ. ನಮ್ಮ ತೋಟದ ಪುಸ್ತಕದಲ್ಲಿ ಆಳಿನ ಕೂಲಿ ಬರೆಯುತ್ತೇವೆ, ಗೊಬ್ಬರ, ಸುಣ್ಣ, ಮೈಲುತುತ್ತು ಬರೆಯುತ್ತೇವೆ. ನಮ್ಮ ಸ್ವಂತ ದುಡಿಮೆಯನ್ನು ಬರೆಯುವುದಿಲ್ಲ. ಕಣದಲ್ಲಿ ಕಾಫಿ ಹರವಿ, ಮೋಡ ಕಂಡ ಕೂಡಲೇ ಓಡಿಹೋಗಿ ರಾಶಿ ಮಾಡಿ, ಅಡಿಕೆ ಸುಲಿಸಿ ಬೇಯಿಸುವ ಮನೆಯಾಕೆಯ ದುಡಿಮೆಯನ್ನಂತೂ ಯಾರೂ ಬರೆದುದಿಲ್ಲ. ಲಾಭವೆಂದು ನಾವು ತಿಳಿದಿರುವುದರಲ್ಲಿ ಒಂದು ದೊಡ್ಡ ಪಾಲು ಈ ಎರಡು ಜೀವಗಳ ಕೂಲಿ. ನಾವು ನಿಂತ ದಿನ ಆ ಕೂಲಿಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ. ತಿಂಗಳಿಗೆ 20,000 ರೂಪಾಯಿ ಕೊಟ್ಟು ಒಬ್ಬ ರೈಟರನ್ನು ಇಟ್ಟರೆ ವರ್ಷಕ್ಕೆ 2,40,000 ಹೋಯಿತು. "ತೋಟವೇ ನಮ್ಮ ಪಿಂಚಣಿ" ಎನ್ನುವ ಸದಸ್ಯರು ಇದನ್ನು ಕಳೆದು ಉಳಿದುದೆಷ್ಟು ಎಂದು ನೋಡಿಕೊಳ್ಳಬೇಕು. ಕೆಲಸ ಬಿಟ್ಟು ತೋಟಕ್ಕೆ ಬರುತ್ತೇನೆ ಎನ್ನುವ ಮಕ್ಕಳಿಗೂ ಇದನ್ನು ತೋರಿಸಬೇಕು. ಕಾಫಿ ನೆಟ್ಟರೆ ಮೂರು ನಾಲ್ಕು ವರ್ಷ, ಅಡಿಕೆ ನೆಟ್ಟರೆ ಐದಾರು ವರ್ಷ ಕಾಯಬೇಕು. ಆಮೇಲೂ ಕೊಳೆರೋಗ, ಬಿಳಿ ಕಾಂಡಕೊರಕ, ಎಲೆಚುಕ್ಕೆ ಎಂದು ಒಂದಲ್ಲ ಒಂದು ಇದ್ದೇ ಇದೆ. ಅವರು ಬರಲಿ, ಬಂದರೆ ಸಂತೋಷವೇ. ಆದರೆ ನಿವೃತ್ತಿಗೆಂದು ಬರಬಾರದು, ಕೆಲಸಕ್ಕೆಂದು ಬರಬೇಕು.

ಇನ್ನು ಅಮೆರಿಕದ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬಾರದ ಕಡೆಗಳೂ ಇವೆ. ನೂರಕ್ಕೆ ನಾಲ್ಕು ಎಂಬುದು ಅಲ್ಲಿನ ಷೇರು, ಅಲ್ಲಿನ ಬೆಲೆಯೇರಿಕೆಯ ಮೇಲೆ ನಿಂತದ್ದು, ಅದೂ 30 ವರ್ಷಕ್ಕೆ. ನಲವತ್ತೈದಕ್ಕೆ ಕೆಲಸ ಬಿಡುವವನಿಗೆ ನಲವತ್ತು ವರ್ಷಕ್ಕೂ ಬೇಕಾದೀತು. ಬಡ್ಡಿಯನ್ನು ನಂಬಿ ಕೂರುವಂತೆಯೂ ಇಲ್ಲ. ಡೊಮಿಂಗೆಜ್ ನಂಬಿದ್ದ ಅಮೆರಿಕದ ದೀರ್ಘಾವಧಿ ಸಾಲಪತ್ರಗಳ ಬಡ್ಡಿ 1981ರಲ್ಲಿ ಶೇಕಡಾ 14ನ್ನೂ ಮೀರಿತ್ತು. 2020ರ ಮಧ್ಯಭಾಗದಲ್ಲಿ ಅದು ಶೇಕಡಾ 2ಕ್ಕಿಂತ ಕೆಳಗಿತ್ತು. ಮದುವೆ, ಮುಯ್ಯಿ, ದೇವರ ಕಾರ್ಯ, ನೆಂಟರಿಷ್ಟರು ಇವನ್ನೆಲ್ಲ ಹೊಡೆದುಹಾಕಿ ಒಂಟಿಯಾಗಿ ಉಳಿಸುವ ಅತಿಯನ್ನೂ ನಾವು ಮೆಚ್ಚುವುದಿಲ್ಲ. ಕಷ್ಟ ಬಂದಾಗ ಊರಿನವರು ಆಗಿಬರುವುದು ನಾವು ಅವರಿಗೆ ಆಗಿದ್ದರೆ ಮಾತ್ರ.

ಕಾಯಿಲೆಯ ಖರ್ಚು ಇನ್ನೊಂದು. ಅಮೆರಿಕದಲ್ಲಿ ದುಡಿಯುವ ವಯಸ್ಸಿನ ಬಹುಮಂದಿಗೆ ಆರೋಗ್ಯ ವಿಮೆ ನೌಕರಿಯ ಜೊತೆಗೇ ಬರುತ್ತದೆ. ವೃದ್ಧರಿಗೆಂದು ಇರುವ ಸರ್ಕಾರಿ ವಿಮೆ ಸಾಮಾನ್ಯವಾಗಿ ಸಿಗುವುದು 65ಕ್ಕೆ. ಹೀಗಾಗಿ ಬೇಗ ಕೆಲಸ ಬಿಟ್ಟವರಿಗೆ ನಡುವಿನ ವರ್ಷಗಳೇ ದೊಡ್ಡ ಚಿಂತೆ. ನಮ್ಮಲ್ಲಿ ಸಹಕಾರಿ ಸದಸ್ಯರಿಗೆಂದು 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆಯಿದೆ. ನಿಂತ ವರ್ಷಗಳಲ್ಲಿ ಕಷ್ಟಪಟ್ಟವರಿಗೆ ಒಂದೇ ಆಸರೆಯನ್ನು ನಂಬಬಾರದೆಂಬುದು ತಿಳಿದಿದೆ.

ಹೀಗಿರುವಲ್ಲಿ ಸದಸ್ಯರಿಗೆ ನಮ್ಮ ಸೂಚನೆ ಇಷ್ಟೇ. ಮನೆಖರ್ಚಿಗೆ ತೋಟದ ಪುಸ್ತಕದಿಂದ ಬೇರೆಯಾದ ಒಂದು ಪುಸ್ತಕವಿಟ್ಟು ಹನ್ನೆರಡು ತಿಂಗಳು ಬರೆಯಿರಿ. ಯುಗಾದಿಯಿಂದ ಯುಗಾದಿಗೆ ಆದರೂ ಸರಿ. ಹತ್ತು ವರ್ಷದ ಮಾರಾಟದ ಪಟ್ಟಿಗಳನ್ನು ತೆಗೆದು ಸರಾಸರಿ ಆದಾಯ ಹಾಕಿ, ಆ ಸರಾಸರಿಯಲ್ಲಿಯೇ ಸಂಸಾರ ನಡೆಯುವಂತೆ ನೋಡಿಕೊಳ್ಳಿ. ಸರಾಸರಿಯನ್ನು ಮೀರಿ ಬಂದ ಹಣದಲ್ಲಿ ಮೊದಲು ಸಾಲ ತೀರಿಸಿ. ಅನಂತರ ಎರಡು ವರ್ಷದ ಮನೆಖರ್ಚು ಮತ್ತು ತೋಟದ ಖರ್ಚು ಠೇವಣಿಯಲ್ಲಿರಲಿ. ಧಾರಣೆ ಬಿದ್ದ ವರ್ಷ ಅಗ್ಗಕ್ಕೆ ಮಾರದೆ, ತೋಟವನ್ನು ಅಡವಿಡದೆ ನಿಲ್ಲುವ ಶಕ್ತಿ ಬರುವುದು ಅದರಿಂದ. ಮಿಕ್ಕದ್ದು ಮುಪ್ಪಿನ ಗಂಟಿಗೆ ಹೋಗಲಿ.

ಗಂಟನ್ನು ಎಲ್ಲಿ ಇಡಬೇಕೆಂದು ಹೇಳುವಾಗ ಕಾರ್ಯದರ್ಶಿಯಾಗಿ ಒಂದು ಮಾತನ್ನು ಮುಚ್ಚಿಡಬಾರದು. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯ ರಕ್ಷಣೆಯನ್ನು 2020ರಲ್ಲಿ ನಿಗದಿ ಮಾಡಿದರು. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿ ಆ ವಿಮೆಯೊಳಗೆ ಬರುವುದಿಲ್ಲ. ಸಂಘದ ಮೇಲೆ ವಿಶ್ವಾಸವಿರಲಿ, ಸಂಘದ ಲೆಕ್ಕಪತ್ರವನ್ನು ಮಹಾಸಭೆಯಲ್ಲಿ ಕೇಳಿ ನೋಡುವ ಅಭ್ಯಾಸವೂ ಇರಲಿ. ಆದರೆ ಇಡೀ ಮುಪ್ಪಿನ ಗಂಟನ್ನು ಒಂದೇ ಕಡೆ ಇಡುವುದು, ಅದು ನಮ್ಮ ಸಂಘವೇ ಆದರೂ, ಜಾಣತನವಲ್ಲ.

ನಲವತ್ತೈದಕ್ಕೆ ನಿವೃತ್ತಿ ನಮಗೆ ದಕ್ಕಲಿಲ್ಲ, ಅದು ಬೇಕಾಗಿಯೂ ಇಲ್ಲ. ಅರವತ್ತೈದರಲ್ಲಿ ಮಕ್ಕಳ ಮುಂದೆ ಕೈಚಾಚದೆ, ತೋಟದ ಬೀಗದ ಕೈಯನ್ನು ನಗುತ್ತ ಕೊಟ್ಟು, ಬೇಕೆನಿಸಿದ ದಿನ ಮಾತ್ರ ಕತ್ತಿ ಹಿಡಿದು ತೋಟಕ್ಕೆ ಹೋಗುವ ಸ್ವಾತಂತ್ರ್ಯ ಸಿಕ್ಕರೆ ಅದೇ ದೊಡ್ಡದು. ಕುಡಿಕೆ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕ ಶುರುವಾಗುವುದು ಮನೆಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ. ಆ ಪುಸ್ತಕವನ್ನು ಈ ವಾರವೇ ತೆರೆಯಿರೆಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತೇವೆ.